ದಸರಾ ಮುಗಿದ ಮೇಲೆ ಕೆರೆ, ಗದ್ದೆ, ಹೊಳೆ: ನಾನು ಹಕ್ಕಿ ನೋಡೋ ರೀತಿ

ಮೈಸೂರಲ್ಲಿ ತುಂಬಾ ಜನ ವಲಸೆ ಹಕ್ಕಿ ಅಂದ್ರೆ ಡಿಸೆಂಬರ್, ಜನವರಿ ಅಂತಾನೇ ಅಂದ್ಕೊಂಡಿರ್ತಾರೆ, ಹದಿನಾರು ಅನ್ನೋ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರೋದು ಆಗ ಅಲ್ವಾ ಅದಕ್ಕೇ ಇರ್ಬೇಕು. ಆದ್ರೆ ದಸರಾ ಮುಗಿಯೋ ಹೊತ್ತಿಗೆ ಎಷ್ಟೋ ಹಕ್ಕಿ ಬಂದಾಗಿರುತ್ತೆ. ಕಾಮನ್ ಸ್ಯಾಂಡ್‌ಪೈಪರ್ ಆಗಸ್ಟ್, ಸೆಪ್ಟೆಂಬರಲ್ಲೇ ಹಾಜರು, ಅದರ ಹಿಂದೇನೇ ಗ್ರೇ ವ್ಯಾಗ್‌ಟೇಲ್, ಅಕ್ಟೋಬರಲ್ಲಿ ಕರೆಂಟ್ ತಂತಿ ಮೇಲೆ ಸಾಲಾಗಿ ಕೂರೋ ಬಾರ್ನ್ ಸ್ವಾಲೋ. ನನಗೆ ವರ್ಷದಲ್ಲಿ ತುಂಬಾ ಇಷ್ಟವಾದ ಸಮಯ ಇದೇ, ಯಾಕಂದ್ರೆ ಪ್ರತಿ ವಾರ ಹೊಸಬರು ಯಾರಾದ್ರೂ ಬಂದಿರ್ತಾರೆ.

ಒಂದೇ ತೊಂದ್ರೆ ಅಂದ್ರೆ ಮಳೆಗೆ ಕೆರೆಗಳು ತುಂಬಿರುತ್ತೆ. ತುಂಬಿದ ಕೆರೆ ನೋಡೋಕೆ ಚಂದ, ಆದ್ರೆ ಗೊರವಗಳಿಗೆ, ಅಂದ್ರೆ ಸ್ಯಾಂಡ್‌ಪೈಪರ್ ಥರ ಕೆಸರಲ್ಲಿ ಮೇಯೋ ಹಕ್ಕಿಗಳಿಗೆ, ಕಾಲೂರೋಕೆ ಜಾಗ ಇರಲ್ಲ, ಅವಕ್ಕೆ ಬೇಕಿರೋದು ಪಾದ ಮುಳುಗೋಷ್ಟು ನೀರು ಮತ್ತೆ ಕೆಸರು. ಅದಕ್ಕೆ ಈ ತಿಂಗಳು ಎಲ್ಲಿಗೆ ಹೋಗ್ಬೇಕು ಅಂತ ಯೋಚನೆ ಮಾಡುವಾಗ ನಾನು ಹಕ್ಕಿ ಲಿಸ್ಟ್ ನೋಡಲ್ಲ, ನೀರಿನ ಮಟ್ಟ ನೋಡ್ತೀನಿ.

ಹೋದ ಭಾನುವಾರ ತಂಗಿ ಮಗನ್ನ ಕರ್ಕೊಂಡು ಹೊರಟೆ. ಒಂದು 8x42 ಬೈನಾಕ್ಯುಲರ್, ನೀರು, ಟೋಪಿ, ಅಷ್ಟೇ ಸಾಮಾನು. ಮೊದಲು ಲಿಂಗಾಂಬುಧಿ ಕೆರೆ, ಬೆಳಕು ಹರಿಯೋ ಹೊತ್ತಿಗೆ. ಏರಿ ಮೇಲೆ ವಾಕಿಂಗ್ ಮಾಡ್ಕೊಂಡು ನೋಡಿದ್ರೆ ಸಿಗೋದು ಆಳದ ನೀರಿನ ಹಕ್ಕಿಗಳು, ನಾಮದ ಕೋಳಿ, ಗುಳುಮುಳುಕ, ನೀರುಕಾಗೆ, ಒಂದೆರಡು ಹೆಜ್ಜಾರ್ಲೆ. ನೀರು ಬಂದು ಸೇರೋ ಕಡೆ, ಜೊಂಡು ಬೆಳೆದಿರೋ ತೆಳ್ಳಗಿನ ನೀರಿಗೆ ಹೋಗ್ಬೇಕು, ಅದೂ ಸೂರ್ಯ ಬೆನ್ನ ಹಿಂದೆ ಇರೋ ಹಾಗೆ ನಿಂತ್ಕೊಂಡು. ಅಲ್ಲಿ ನೇರಳೆ ಜಂಬುಕೋಳಿ ಜೊಂಡಿನ ದಂಟು ಕಾಲಲ್ಲಿ ಹಿಡ್ಕೊಂಡು ತಿಂತಾ ಇತ್ತು, ಪಕ್ಕದ ಪೊದೆಯಿಂದ ಚಕ್ ಚಕ್ ಅಂತ ಬ್ಲೈತ್ಸ್ ರೀಡ್ ವಾರ್ಬ್ಲರ್ ಅನ್ನೋ ಪುಟ್ಟ ಕಂದು ಹಕ್ಕಿ ಸದ್ದು. ಈ ಹಕ್ಕಿ ಕಾಣ್ಲಿ ಅಂತ ಕಾದ್ರೆ ಅರ್ಧ ಗಂಟೆ ಹೋಗುತ್ತೆ, ದನಿ ಕಲಿತಿದ್ರೆ ಸಾಕು.

ಬಾತುಗಳು ಈಗ ಸ್ವಲ್ಪ ಕಷ್ಟ. ಗಾರ್ಗನಿ ಬಾತಿನ ಗಂಡಿಗೆ ಪುಸ್ತಕದಲ್ಲಿ ಕಣ್ಣಿನ ಮೇಲೆ ದಪ್ಪ ಬಿಳಿ ಪಟ್ಟೆ ಇರುತ್ತಲ್ಲ, ಅಕ್ಟೋಬರಲ್ಲಿ ಅದಿರಲ್ಲ, ಗರಿ ಉದುರಿ ಹೆಣ್ಣಿನ ಥರಾನೇ ಕಂದು ಬಣ್ಣ. ಆಗ ಮುಖದ ಮೇಲಿರೋ ಗೆರೆಗಳು ನೋಡ್ಬೇಕು, ಕಣ್ಣಿನ ಮೇಲೊಂದು ತಿಳಿ ಗೆರೆ, ಕಣ್ಣಿನ ಮೂಲಕ ಒಂದು ಕಪ್ಪು ಗೆರೆ, ಕೊಕ್ಕಿನ ಬುಡದಲ್ಲಿ ಒಂದು ಬಿಳಿ ಮಚ್ಚೆ.

ಅಲ್ಲಿಂದ ತಿಂಡಿ ಮುಗಿಸಿ ಶ್ರೀರಂಗಪಟ್ಟಣದ ಕಡೆ ನಾಲೆ ಬಯಲಿಗೆ. ವಿರಿಜಾ ನಾಲೆ ಕೆಳಗೆ ತಡವಾಗಿ ನಾಟಿ ಮಾಡಿದ ಗದ್ದೆ ಇದ್ರೆ ಅದೇ ಈ ತಿಂಗಳ ಗೊರವಗಳ ಕೆರೆ. ಬದು ಮೇಲೆ ಕಾಲಿಡೋ ಮುಂಚೆ ಗದ್ದೆಯವರನ್ನ ಕೇಳಿ, ಇದು ನನ್ನ ಕಳಕಳಿಯ ವಿನಂತಿ. ನಾವು ಹೋದಾಗ ಅಲ್ಲಿದ್ದ ಯಜಮಾನ್ರು ಬೈನಾಕ್ಯುಲರ್ ನೋಡಿ "ಏನ್ ಸಾ, ಸರ್ವೆಗ್ ಬಂದಿದೀರಾ" ಅಂದ್ರು. ಇಲ್ಲ ಅಣ್ಣ, ಹಕ್ಕಿ ನೋಡೋಕೆ ಅಂದೆ. "ಹಂಗಾರೆ ಆ ಮೂಲೆಗ್ ಹೋಗಿ, ಬಸವನಹುಳ ತಿನ್ನೋ ಕೊಕ್ರೆ ಐತೆ" ಅಂತ ಕೈ ತೋರಿಸಿದ್ರು. ನಿಜ, ಬಾಯ್ಕಳಕ! ಅದು ಹುಳದ ಚಿಪ್ಪನ್ನ ಒಡೆಯಲ್ಲ, ಕೊಕ್ಕಿನ ತುದಿ ಒಳಗೆ ತೂರಿಸಿ ಮಾಂಸ ಬಿಡಿಸಿ ಎಳ್ಕೊಳ್ಳುತ್ತೆ, ಅದು ತಿಂದು ಹೋದ ಜಾಗದಲ್ಲಿ ಚಿಪ್ಪುಗಳು ಬಿದ್ದಿರೋದನ್ನ ಹುಡುಗ ಎತ್ತಿ ನೋಡ್ದ, ಬಹುಪಾಲು ಇಡಿಯಾಗೇ ಇದ್ವು.

"ಮಾವ, ಈ ಸ್ಯಾಂಡ್‌ಪೈಪರ್ ಎಲ್ಲಾ ಒಂದೇ ಥರ ಇದಾವಲ್ಲ" ಅಂದ. ಶುರುವಲ್ಲಿ ಎಲ್ರಿಗೂ ಹಾಗೇ ಅನ್ಸುತ್ತೆ. ನಾನು ಅವನಿಗೆ ಹೇಳಿಕೊಟ್ಟಿದ್ದು ಇಷ್ಟು: ಭುಜದ ಹತ್ರ ಬಿಳಿ ಬಣ್ಣ ಮೇಲಕ್ಕೆ ನುಗ್ಗಿದ್ದು, ನಿಂತಲ್ಲೇ ಹಿಂಭಾಗ ಕುಣಿಸ್ತಾ ಇದ್ರೆ ಕಾಮನ್. ಬೆನ್ನ ತುಂಬಾ ಚುಕ್ಕೆ, ಕಣ್ಣಿನ ಮೇಲೆ ಉದ್ದ ಬಿಳಿ ಹುಬ್ಬು ಇದ್ರೆ ವುಡ್. ಮೇಲೆಲ್ಲಾ ಕಪ್ಪಗಿದ್ದು ಒಂಟಿಯಾಗಿ ನಾಲೆ ಅಂಚಲ್ಲಿ ಇದ್ರೆ ಗ್ರೀನ್ ಇರಬಹುದು, ಹಾರಿದಾಗ ರೆಕ್ಕೆ ಅಡಿ ಕಪ್ಪು, ಸೊಂಟ ಬೆಳ್ಳಗೆ ಹೊಳೆಯುತ್ತೆ. ಹಾರೋ ತನಕ ಕಾಯ್ಬೇಕು, ಓಡಿಸಬಾರದು, ಸಾವಿರಾರು ಕಿಲೋಮೀಟರ್ ಹಾರಿ ಬಂದಿರೋ ಹಕ್ಕಿ ಅದು.

ಮಧ್ಯಾಹ್ನ ಏನೂ ಮಾಡಲಿಲ್ಲ, ಊಟ, ಮರದ ನೆರಳು, ನೋಡಿದ ಹಕ್ಕಿಗಳನ್ನ ದಾಖಲು ಮಾಡೋ ಇಬರ್ಡ್ ಆಪ್‌ಗೆ ಲಿಸ್ಟ್ ಹಾಕಿದ್ದು.

ನಾಲ್ಕು ಗಂಟೆ ಮೇಲೆ ಕಾವೇರಿ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ರಾಮ್ಸಾರ್ ಅನ್ನೋ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರ್ತು, ಆದ್ರೆ ಅಕ್ಟೋಬರಲ್ಲಿ ಅಲ್ಲಿ ಗೂಡಿನ ಗದ್ದಲ ಇರಲ್ಲ, ಹಾಗಾಗಿ ನಾನು ಹೊಳೆ ದಡದ ಊರುಗಳ ಕಡೆ ಹೋಗ್ತೀನಿ. ಬಂಡೆ ಮೇಲೆ ಗ್ರೇ ವ್ಯಾಗ್‌ಟೇಲ್, ಹಳದಿ ಹೊಟ್ಟೆ, ಉದ್ದ ಬಾಲ, ಒಂದು ಕ್ಷಣ ಸುಮ್ನಿರಲ್ಲ. ನೀರಿನ ಮೇಲೆ ರಿವರ್ ಟರ್ನ್, ಸೇತುವೆ ಹತ್ರ ವೈರ್ ಟೇಲ್ಡ್ ಸ್ವಾಲೋ. ಒಂದು ಮಾತು, ಎಷ್ಟೇ ಒಳ್ಳೆ ಫೋಟೋ ಸಿಗುತ್ತೆ ಅನ್ಸಿದ್ರೂ ಬಂಡೆಗೆ ಇಳಿಯಬೇಡಿ, ಕೆಆರ್‌ಎಸ್‌ನಿಂದ ನೀರು ಬಿಟ್ರೆ ಮಟ್ಟ ಬೇಗ ಏರುತ್ತೆ, ಮೊಸಳೆಗಳೂ ಇದಾವೆ.

ನನಗೆ ನಿಜವಾಗ್ಲೂ ಸಂಕಟ ಆಗೋದು ಕೆರೆ ಅಭಿವೃದ್ಧಿ ಅಂತ ಸುತ್ತಲೂ ಕಲ್ಲು ಕಟ್ಟೋದು ನೋಡಿದಾಗ. ದಡ ನೆಟ್ಟಗಾದ್ರೆ ಕೆಸರಿಲ್ಲ, ಜೊಂಡಿಲ್ಲ, ಮೇಲೆ ಹೇಳಿದ ಹಕ್ಕಿಗಳಲ್ಲಿ ಅರ್ಧಕ್ಕರ್ಧ ಅಲ್ಲಿಗೆ ಕಾಲಿಡಲ್ಲ. ನಿಮ್ಮೂರಿನ ಕೆರೆಗೆ ಇಂಥ ಕೆಲಸ ಬಂದ್ರೆ ನೀರು ಸೇರೋ ಕಡೆಯಾದ್ರೂ ಹಾಗೇ ಬಿಡಿ ಅಂತ ಕೇಳಿ, ಹಕ್ಕಿ ಲಿಸ್ಟ್ ತೋರಿಸಿ ಕೇಳಿ.

ನವೆಂಬರ್ ಕೊನೆಗೆ ಹೋಗೋರಿಗೆ ಲೆಕ್ಕ ಬೇರೆ. ಭತ್ತ ಕೊಯ್ಲಿಗೆ ಬಂದು ಗದ್ದೆ ಒಣಗೋಕೆ ಶುರು ಆಗುತ್ತೆ, ಕೆರೆ ಅಂಚು ಕೆಳಗಿಳಿದು ಕೆಸರು ಕಾಣುತ್ತೆ, ಸೂಜಿಬಾಲದ ಬಾತುಗಳೂ ಬರ್ತಾವೆ. ಆಗ ಗದ್ದೆ ಬಿಟ್ಟು ಬೆಳಗ್ಗೆ ಪೂರ್ತಿ ಕೆರೆಯಲ್ಲೇ ಇರಿ.