ಕರು ಕೆಮ್ಮೋಕೆ ಮೊದಲೇ ನ್ಯುಮೋನಿಯಾ ಪತ್ತೆ ಮಾಡೋದು ಹೇಗೆ?

ವೀಲ್ ಅಂದ್ರೆ ಎಳೆ ಕರುವಿನ ಮಾಂಸ, ಅದಕ್ಕೆ ಅಂತ ಸಾಕೋ ಕರುಗಳನ್ನ ಎಷ್ಟೋ ಕಡೆ ಹುಟ್ಟಿ ಕೆಲವೇ ವಾರಕ್ಕೆ ಬೇರೆ ಬೇರೆ ಫಾರ್ಮ್‌ಗಳಿಂದ ತಂದು ಒಂದೇ ಶೆಡ್‌ಗೆ ಬಿಡ್ತಾರೆ, ಗಿಣ್ಣಹಾಲಿಂದ ಬಂದ ರಕ್ಷಣೆ ಇಳೀತಾ ಇರುತ್ತೆ, ಪ್ರಯಾಣದ ಸುಸ್ತು ಬೇರೆ. ಪಾಶ್ಚುರೆಲ್ಲಾ, ಮ್ಯಾನ್‌ಹೀಮಿಯಾ ಥರದ ಬ್ಯಾಕ್ಟೀರಿಯಾ ಚೆನ್ನಾಗಿರೋ ಕರುವಿನ ಮೂಗಲ್ಲೂ ಇರ್ತವೆ, ಕರು ಸೋತಾಗ ಅಥವಾ ವೈರಸ್ ಬಂದು ದಾರಿ ಮಾಡಿಕೊಟ್ಟಾಗ ಶ್ವಾಸಕೋಶಕ್ಕೆ ಇಳಿದುಬಿಡ್ತವೆ. ಅದಕ್ಕೇ ಮೊದಲ ಕೆಲವು ವಾರ ತುಂಬಾ ಹುಷಾರು.

ಮೊದಲು ಹಾಲು ಕೊಡೋ ಹೊತ್ತಲ್ಲಿ ನೋಡಿ. ಬಕೆಟ್ ಸದ್ದಿಗೆ ಎದ್ದು ಬರದೆ ಹಿಂದೆ ಉಳಿಯೋ ಕರುವನ್ನ ಗುರುತು ಮಾಡ್ಕೊಳ್ಳಿ. ಆದ್ರೆ ಕೆಲವು ಕರು ಜ್ವರ ಇದ್ರೂ ಹಾಲು ಪೂರ್ತಿ ಕುಡೀತವೆ, ಕುಡೀತಲ್ಲ ಅಂತ ಸುಮ್ನಾಗಬೇಡಿ.

ಆಮೇಲೆ ಥರ್ಮಾಮೀಟರ್. ಗುದದ್ವಾರದಲ್ಲಿ ಇಟ್ಟು ನೋಡಿದಾಗ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಅನುಮಾನ ಪಡಿ. ಕೆಮ್ಮಿಗಿಂತ ಮುಂಚೆ ಜ್ವರ ಬರೋದೇ ಹೆಚ್ಚು, ನನ್ನ ಪ್ರಕಾರ ಶೆಡ್‌ನಲ್ಲಿರೋ ಅತಿ ಮುಖ್ಯ ಸಾಮಾನು ಇದೇ. ಕರು ಆರಾಮಾಗಿ ಮಲಗಿದ್ದಾಗ ಪಕ್ಕೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸಿ, ಸೆಕೆ ಇಲ್ಲದಿದ್ರೂ 40 ಮೀರಿದ್ರೆ ಸರಿ ಇಲ್ಲ. ಮೂಗಿನ ನೀರು ಗಟ್ಟಿಯಾಗಿ ಹಳದಿ ಸಿಂಬಳ ಆಗಿದ್ಯಾ, ಒಂದು ಕಿವಿ ಜೋತಿದ್ಯಾ, ತಲೆ ಒಂದು ಕಡೆ ವಾಲಿದ್ಯಾ ಅಂತಾನೂ ನೋಡಿ. ಕಿವಿ ಜೋತು ತಲೆ ವಾಲಿದ್ರೆ ಮೈಕೋಪ್ಲಾಸ್ಮಾ ಬೋವಿಸ್ ಅನ್ನೋ ಬ್ಯಾಕ್ಟೀರಿಯಾ ಕಿವಿಯೊಳಗೂ ಸೇರಿರಬಹುದು. ಇದಕ್ಕೆ ಕೋಶಭಿತ್ತಿಯೇ (ಬ್ಯಾಕ್ಟೀರಿಯಾದ ಹೊರಗೋಡೆ) ಇಲ್ಲ, ಪೆನ್ಸಿಲಿನ್ ಕೆಲಸ ಮಾಡೋದು ಕೋಶಭಿತ್ತಿ ಮೇಲೆ, ಹಾಗಾಗಿ ಎಷ್ಟು ಚುಚ್ಚಿದ್ರೂ ಉಪಯೋಗ ಇಲ್ಲ.

ಅನುಮಾನ ಬಂದ ಕೂಡಲೇ ಕರುವನ್ನ ಬೇರೆ ಕಟ್ಟಿ, ಬಕೆಟ್ಟು, ನಿಪ್ಪಲ್ಲು ಬೇರೆ ಇಡಿ, ಅವತ್ತೇ ಡಾಕ್ಟರನ್ನ ಕರೆಸಿ. ಹಲವು ಕರುಗಳಿಗೆ ಬಂದಿದ್ರೆ, ಔಷಧಿ ಶುರು ಮಾಡೋ ಮೊದಲೇ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸೋಕೆ ಕೇಳಿ. ಕಳೆದ ಸಲ ಉಳಿದ ಆಂಟಿಬಯೋಟಿಕ್ ನೀವೇ ಕೊಡೋದು, ಎರಡು ದಿನಕ್ಕೆ ಚುರುಕಾಯ್ತು ಅಂತ ನಿಲ್ಲಿಸೋದು, ದಯವಿಟ್ಟು ಬೇಡ. ಹಾಳಾದ ಶ್ವಾಸಕೋಶದ ಭಾಗ ಪೂರ್ತಿ ಸರಿ ಹೋಗದೇ ಇರಬಹುದು, ಕರು ತೂಕ ಹಿಡಿಯೋದೂ ನಿಧಾನ ಆಗುತ್ತೆ. ಕೊಟ್ಟ ಔಷಧಿ, ತಾರೀಕು ಬರೆದಿಡಿ, ಮಾಂಸಕ್ಕೆ ಕಳಿಸೋ ಮುಂಚೆ ಎಷ್ಟು ದಿನ ಕಾಯ್ಬೇಕು ಅಂತ ಲೇಬಲ್ ಮೇಲೆ ಇರುತ್ತೆ.

ಇನ್ನು ಗಾಳಿ. ಮೊಣಕಾಲೂರಿ ಕರುವಿನ ಮೂಗಿನ ಮಟ್ಟಕ್ಕೆ ಬಗ್ಗಿ ಉಸಿರೆಳೀರಿ, ಗಂಜಲದ ಘಾಟಿಗೆ ಕಣ್ಣು ಉರಿದ್ರೆ ಹಾಸು ಬದಲಾಯಿಸಿ, ಮೇಲುಗಡೆ ಗಾಳಿ ಆಡೋ ಹಾಗೆ ಮಾಡಿ, ಆದ್ರೆ ಮಲಗಿರೋ ಕರುವಿನ ಮೈಮೇಲೆ ನೇರ ಚಳಿಗಾಳಿ ಬೀಳದಂಗೆ ನೋಡ್ಕೊಳ್ಳಿ. ಒಂದು ಬ್ಯಾಚ್ ಪೂರ್ತಿ ಹೋದ್ಮೇಲೆ ಶೆಡ್ ತೊಳೆದು ಒಣಗಿಸಿ, ಆಮೇಲೇ ಹೊಸ ಕರುಗಳನ್ನ ತನ್ನಿ.