ತಾಲ್ಲೂಕಿನಲ್ಲೊಂದು ಮಾಜಿ ಸೈನಿಕರ ನೆರವಿನ ಕೋಣೆ: ಶುರು ಮಾಡುವುದು ಹೀಗೆ

‘ಆಪ್ತಸಮಾಲೋಚನಾ ಕೇಂದ್ರ’ ಎಂದು ಬೋರ್ಡು ಬರೆಸಿದಿರೋ, ಒಬ್ಬ ಫೌಜಿಯೂ ಒಳಗೆ ಕಾಲಿಡುವುದಿಲ್ಲ. ‘ಪಿಂಚಣಿ, ಇಸಿಎಚ್‌ಎಸ್ ಕಾಗದಪತ್ರ ನೋಡಿಕೊಡಲಾಗುವುದು’ ಎಂದು ಬರೆಸಿ, ಬರುತ್ತಾರೆ. (ಇಸಿಎಚ್‌ಎಸ್ ಎಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ.) ನಿದ್ದೆ ಬಾರದ ವಿಷಯ, ಕುಡಿತದ ವಿಷಯ ಹೊರಗೆ ಬೀಳುವುದು ಎರಡನೆಯ ಅಥವಾ ಮೂರನೆಯ ಸಲ, ಫೈಲು ಮುಚ್ಚಿ ಎದ್ದು ನಿಂತ ಮೇಲೆ. ಹಾಗಾಗಿ ಈ ಕೆಲಸ ಕಾಗದದಿಂದಲೇ ಶುರುವಾಗಬೇಕು.

ಮೊದಲು ಜಾಗ ಮತ್ತು ಜನ

ಮಾಜಿ ಸೈನಿಕರ ಸಂಘದ ಕಚೇರಿಯಲ್ಲೇ ಎರಡು ಕೋಣೆ ಸಾಕು. ಒಂದರಲ್ಲಿ ಮೇಜು, ಕಂಪ್ಯೂಟರು, ಪ್ರಿಂಟರು. ಇನ್ನೊಂದರಲ್ಲಿ ಎರಡೇ ಕುರ್ಚಿ, ನಡುವೆ ಮೇಜು ಬೇಡ. ಕುರ್ಚಿಗಳನ್ನು ಎದುರುಬದುರು ಇಡದೆ ಸ್ವಲ್ಪ ಓರೆಯಾಗಿಡಿ. ಬಾಗಿಲು ಕಾಣುವ ಕುರ್ಚಿ ಬಂದವರಿಗೆ ಇರಲಿ. ಬೆನ್ನ ಹಿಂದೆ ಬಾಗಿಲಿದ್ದರೆ ಕೆಲವರಿಗೆ ಕೂರಲು ಆಗುವುದಿಲ್ಲ. ವಾರಕ್ಕೊಂದು ದಿನ ತೆರೆದರೆ ಸಾಕು, ಆ ದಿನ ಸಂತೆಯ ದಿನವಾಗಿರಲಿ. ‘ಸಂತೆಗೆ ಹೋಗಿದ್ದೆ’ ಎನ್ನಲು ನೆಪ ಸಿಗುತ್ತದೆ.

ನಾಲ್ಕು ಜನ ಬೇಕು. ಸೇನೆಯಲ್ಲಿ ಕ್ಲರ್ಕ್ ಟ್ರೇಡಿನಲ್ಲಿದ್ದ ಒಬ್ಬರು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಒಬ್ಬ ಮಹಿಳೆ ಇರಲೇಬೇಕು, ಸೈನಿಕನ ಪತ್ನಿಯೋ ನಿವೃತ್ತ ನರ್ಸೋ ಆದರೆ ಒಳ್ಳೆಯದು. ವಿಧವೆಯ ಮನೆಗೆ ಗಂಡಸೊಬ್ಬನನ್ನೇ ಕಳಿಸಿದರೆ ಓಣಿಯ ಮಾತಿಗೆ ಆಕೆ ಉತ್ತರ ಕೊಡಬೇಕಾಗುತ್ತದೆ. ರ‍್ಯಾಂಕಿನ ವಿಷಯದಲ್ಲಿ ಎಡವುವವರೇ ಹೆಚ್ಚು. ಸುಬೇದಾರ್ ಸಾಹೇಬರ ಮುಂದೆ ಸಿಪಾಯಿಯಾಗಿದ್ದವನು ‘ಸಬ್ ಠೀಕ್ ಹೈ ಸಾಬ್’ ಎಂದು ಎದ್ದು ಹೋಗುತ್ತಾನೆ. ಕೇಳಿಸಿಕೊಳ್ಳುವವರು ಅವನ ಯೂನಿಟ್ಟಿನವರಾಗಲಿ ಹತ್ತಿರದ ನೆಂಟರಾಗಲಿ ಆಗಿರಬಾರದು.

ಪುಸ್ತಕ ಎರಡಿರಲಿ. ಕಾಗದಪತ್ರದ ಪುಸ್ತಕದಲ್ಲಿ ಹೆಸರು ಬರೆಯಿರಿ. ಮಾತುಕತೆಯ ಪುಸ್ತಕದಲ್ಲಿ ಬರೀ ಸಂಖ್ಯೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿ. ಒಬ್ಬರ ವಿಷಯ ಕ್ಯಾಂಟೀನ್ ಸಾಲಿನಲ್ಲಿ ಒಮ್ಮೆ ಬಾಯಿಬಿಟ್ಟರೆ ಆ ಕೋಣೆಗೆ ಮತ್ತೆ ಯಾರೂ ಬರುವುದಿಲ್ಲ.

ಕಾಗದ ತೆರೆದು ಕೂತಾಗ

ಪಿಪಿಒ (ಪಿಂಚಣಿ ಪಾವತಿ ಆದೇಶ), ಡಿಸ್ಚಾರ್ಜ್ ಬುಕ್, ಗಂಡ ಹೆಂಡತಿ ಇಬ್ಬರ ಆಧಾರ್ ಮತ್ತು ಪ್ಯಾನ್, ಬ್ಯಾಂಕ್ ಪಾಸ್‌ಬುಕ್ – ಇಷ್ಟನ್ನೂ ಪಕ್ಕಪಕ್ಕ ಇಟ್ಟು ಹೆಂಡತಿಯ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿಯಿದೆ. ತವರಿನ ಆಧಾರ್‌ನಲ್ಲಿ ‘ಶಾಂತವ್ವ’, ಸೇನೆಯ ದಾಖಲೆಯಲ್ಲಿ ‘ಲಕ್ಷ್ಮೀಬಾಯಿ’. ಗಂಡ ಇರುವತನಕ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಇಲ್ಲೇ ಸಿಕ್ಕಿಬೀಳುತ್ತದೆ. ಗಂಡ ಬದುಕಿರುವಾಗಲೇ, ಅವನ ಸಹಿಯಿಂದಲೇ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆದು ಸರಿಪಡಿಸಿದರೆ ಆಮೇಲಿನ ಅಲೆದಾಟ ತಪ್ಪುತ್ತದೆ. ಎರಡೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್ ಮತ್ತು ಗುರುತಿನ ದಾಖಲೆಗಳನ್ನು ಜೊತೆಗಿಡಿ. ಮರಾಠಾ ಲಘು ಪದಾತಿ ದಳದವರಿಗೆ ರೆಕಾರ್ಡ್ ಆಫೀಸು ಬೆಳಗಾವಿಯಲ್ಲೇ ಇದೆ, ಎಂಇಜಿಯವರಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರಿನಲ್ಲಿ. ಉಳಿದವರು ಡಿಸ್ಚಾರ್ಜ್ ಬುಕ್ಕಿನಲ್ಲಿರುವ ವಿಳಾಸ ನೋಡಿಕೊಳ್ಳಬೇಕು.

ರಕ್ಷಣಾ ಪಿಂಚಣಿಯೆಲ್ಲ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಅದರಲ್ಲಿರುವ ಮೊಬೈಲ್ ನಂಬರು ಚಾಲ್ತಿಯಲ್ಲಿದೆಯೇ, ಹೆಂಡತಿಯ ಹುಟ್ಟಿದ ದಿನಾಂಕ ತುಂಬಿದೆಯೇ ನೋಡಿ. ಬದುಕಿದ್ದೇನೆ ಎಂಬುದಕ್ಕೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಬೆರಳಚ್ಚು ಸವೆದ ಅಜ್ಜಂದಿರಿಗೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು. ಪಿಂಚಣಿದಾರರು ತೀರಿಕೊಂಡ ತಿಂಗಳೇ ಸಾವಿನ ವಿಷಯ ತಿಳಿಸಬೇಕು. ಎಟಿಎಂ ಕಾರ್ಡು ಮಗನ ಕೈಯಲ್ಲಿದ್ದು, ಆಮೇಲೂ ದುಡ್ಡು ತೆಗೆಯುತ್ತಾ ಹೋದರೆ ಅಷ್ಟನ್ನೂ ತಾಯಿಯ ಕುಟುಂಬ ಪಿಂಚಣಿಯಿಂದ ಹಿಡಿಯುತ್ತಾರೆ.

ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸದವರು ಊರಲ್ಲಿ ಎಷ್ಟಿದ್ದಾರೆ, ಪಟ್ಟಿ ಮಾಡಿ. ಎಲ್ಲ ಜಿಲ್ಲೆಯಲ್ಲೂ ಕಚೇರಿಯಿಲ್ಲ, ಪಕ್ಕದ ಜಿಲ್ಲೆಯದೇ ನಿಮ್ಮದನ್ನೂ ನೋಡಿಕೊಳ್ಳುತ್ತಿರಬಹುದು. ಪಿಂಚಣಿಯಿಲ್ಲದ, 65 ದಾಟಿದ, ಹವಾಲ್ದಾರ್ ದರ್ಜೆವರೆಗಿನ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಸಿಗುವ ತಿಂಗಳ ನೆರವು 2025ರ ನವೆಂಬರ್ 1ರಿಂದ ಬಂದ ಅರ್ಜಿಗಳಿಗೆ 4,000ದಿಂದ 8,000 ರೂಪಾಯಿಗೆ ಏರಿದೆ. ಮಕ್ಕಳ ಓದಿನ ನೆರವು ಒಂದು ಮಗುವಿಗೆ ತಿಂಗಳಿಗೆ 2,000, ಇಬ್ಬರವರೆಗೆ. ಅರ್ಜಿ ಹೋಗುವುದು ಆನ್‌ಲೈನಿನಲ್ಲೇ, ಆದರೆ ಪರಿಶೀಲಿಸಿ ಮುಂದೆ ಕಳಿಸುವುದು ಜಿಲ್ಲಾ ಕಚೇರಿ. ಅಲ್ಲಿ ನೋಂದಣಿ ಇಲ್ಲದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ವಿಧವೆಗೆ ಆಸ್ತಿಯಲ್ಲಿ ಪಾಲು ಕೊಡದ ಭಾವಮೈದುನರ ವಿಷಯ ಬಂದರೆ ನೀವು ಪಂಚಾಯಿತಿಕೆಗೆ ಕೂರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಮಾತಿಗೆ ಬಂದಾಗ

ಸಿಪಾಯಿಯಾಗಿ ಸೇರಿದ ಬಹುತೇಕರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಬರುತ್ತಾರೆ. ವರ್ಷಕ್ಕೆರಡು ಸಲ ರಜೆಗೆ ಬರುತ್ತಿದ್ದ ಅಪ್ಪ ಈಗ ದಿನವೂ ಮನೆಯಲ್ಲಿ. ಇಷ್ಟು ವರ್ಷ ಮನೆ ನಡೆಸಿದ ಹೆಂಡತಿಗೆ ಬೆಳಿಗ್ಗೆ ಐದಕ್ಕೇ ಹುಕುಂ. ಜಗಳ ಸಾಮಾನ್ಯವಾಗಿ ಇಲ್ಲಿಂದಲೇ ಹತ್ತಿಕೊಳ್ಳುತ್ತದೆ, ಗಡಿಯ ನೆನಪಿನಿಂದಲೇ ಆಗಬೇಕೆಂದಿಲ್ಲ. ಹೆಂಡತಿಯನ್ನು ಬೇರೆಯಾಗಿ ಒಮ್ಮೆ ಕೂರಿಸಿ ಕೇಳಿ. ಮನೆಯ ನಿಜಸ್ಥಿತಿ ಅವರಿಂದಲೇ ತಿಳಿಯುವುದು.

ಮೊದಲ ಪ್ರಶ್ನೆ ‘ನಿದ್ದೆ ಹೇಗಿದೆ?’ ಎಂದಿರಲಿ. ಇದಕ್ಕೆ ಯಾರೂ ನಾಚುವುದಿಲ್ಲ. ಕೆಟ್ಟ ಕನಸು, ದೀಪಾವಳಿಯ ಪಟಾಕಿಗೆ ಬೆಚ್ಚಿಬಿದ್ದು ಕೋಣೆ ಸೇರುವುದು, ಜನರಿರುವ ಕಡೆ ಹೋಗದಿರುವುದು, ಸಣ್ಣದಕ್ಕೂ ಕೈ ಎತ್ತುವುದು – ಇವು ಒಂದು ತಿಂಗಳು ದಾಟಿ ಉಳಿದಿದ್ದರೆ ಮನೋವೈದ್ಯರೇ ನೋಡಬೇಕು. ‘ಯುದ್ಧದಲ್ಲಿ ಏನೇನಾಯಿತು?’ ಎಂದು ಕೆದಕಬೇಡಿ. ಅದನ್ನು ತೆರೆಯುವುದು, ಮುಚ್ಚುವುದು ತರಬೇತಿ ಪಡೆದವರ ಕೆಲಸ.

ಕುಡಿತದ ವಿಷಯದಲ್ಲಿ ಪ್ರೀತಿಯಿಂದಲೇ ಅನಾಹುತ ಮಾಡುವವರಿದ್ದಾರೆ. ದಿನವೂ ಬೆಳಿಗ್ಗೆಯಿಂದ ಕುಡಿಯುವವರಿಗೆ ಅಯ್ಯಪ್ಪನ ಮಾಲೆ ಹಾಕಿಸಿ ಅಂದೇ ಬಿಡಿಸುತ್ತಾರೆ. ಹಾಗೆ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಕೈ ನಡುಕ, ಬೆವರು ಮೊದಲ ದಿನವೇ ಶುರುವಾಗುತ್ತದೆ, ಎರಡು ಮೂರನೆಯ ದಿನಕ್ಕೆ ಇಲ್ಲದ್ದು ಕಾಣುವುದು, ಗೊಂದಲ ಸೇರಿಕೊಂಡು ಪ್ರಾಣಕ್ಕೇ ಬರಬಹುದು. ಮೊದಲು ಆಸ್ಪತ್ರೆ, ಮಾಲೆ ಆಮೇಲೆ.

ಬದುಕುವುದೇ ಬೇಡ ಎಂಬ ಮಾತು ಬಂದರೆ ‘ಸಾಯುವ ಯೋಚನೆ ಬರುತ್ತದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಮನೆಯ ಬಂದೂಕು ಮತ್ತು ತೋಟದ ಔಷಧಿ ಎರಡನ್ನೂ ಅಂದೇ ದೂರ ಮಾಡಿ. ಸೆಕ್ಯುರಿಟಿ ಕೆಲಸಕ್ಕೆಂದು ಲೈಸೆನ್ಸ್ ಬಂದೂಕು ಇಟ್ಟುಕೊಂಡವರು ಠಾಣೆಯಲ್ಲಿ ಠೇವಣಿ ಇಡಬಹುದು. ಕೊಡಗಿನಲ್ಲಿ ಕೋವಿ ಪೂಜೆಗೆ ಇಡುವ ವಸ್ತು. ‘ಕೊಡಿ’ ಎಂದು ಹೊರಗಿನವರು ಕೇಳಿದರೆ ಅವಮಾನವೆನಿಸುತ್ತದೆ. ಒಕ್ಕದ (ಮನೆತನದ) ಹಿರಿಯರಿಂದಲೇ ಹೇಳಿಸಿ, ಕಾನೂನು ಪ್ರಕಾರ ಕೋವಿ ಇಟ್ಟುಕೊಳ್ಳಬಹುದಾದ ಇನ್ನೊಬ್ಬರ ವಶಕ್ಕೆ ಕೊಡಿಸಿ.

ಯಾರ ಬಳಿಗೆ ಕಳಿಸುವುದು

ಈ ಮೂರು ದಾರಿಗಳನ್ನು ಗೋಡೆಗೆ ಬರೆದು ಅಂಟಿಸಿ. ಟೆಲಿ-ಮಾನಸ್ (ಫೋನಿನಲ್ಲೇ ಮಾನಸಿಕ ನೆರವು), 14416: ದಿನದ ಎಲ್ಲ ಹೊತ್ತೂ, ಕನ್ನಡದಲ್ಲಿ, ಉಚಿತ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮೊದಲ ಕರೆಯನ್ನು ನಿಮ್ಮ ಕೋಣೆಯಿಂದಲೇ, ಅವರ ಫೋನಿನಿಂದಲೇ ಮಾಡಿಸಿ, ನೀವು ಹೊರಗೆ ಬನ್ನಿ. ಚೀಟಿಯಲ್ಲಿ ನಂಬರು ಬರೆದುಕೊಟ್ಟರೆ ಅದು ಜೇಬಿನಲ್ಲೇ ಒಗೆದುಹೋಗುತ್ತದೆ.

ಪಿಂಚಣಿದಾರರಿಗೆ ಇಸಿಎಚ್‌ಎಸ್ ಪಾಲಿಕ್ಲಿನಿಕ್. ಅಲ್ಲಿ ಮನೋವೈದ್ಯರಿಲ್ಲದಿದ್ದರೆ ಪಟ್ಟಿಯಲ್ಲಿರುವ ಆಸ್ಪತ್ರೆಗೆ ರೆಫರಲ್ ಬರೆಸಿಕೊಳ್ಳಿ. ತುರ್ತು ಬಿಟ್ಟು, ರೆಫರಲ್ ಇಲ್ಲದೆ ನೇರ ಹೋದರೆ ಬಿಲ್ಲು ಸಾಮಾನ್ಯವಾಗಿ ಕೈಯಿಂದಲೇ. ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು.

ಪಿಂಚಣಿ ಇಲ್ಲದವರಿಗೆ ಮನೋಚೈತನ್ಯ: ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಸರ್ಕಾರಿ ಕಾರ್ಯಕ್ರಮ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಡಿ.

ಮಾತ್ರೆ ಶುರುವಾದ ಮೊದಲ ವಾರವೇ ‘ಏನೂ ಗುಣವಿಲ್ಲ, ಬರೀ ಹೊಟ್ಟೆ ತೊಳಸು’ ಎಂದು ಬಿಡುವವರು ಬಹಳ. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ಹಾಗಾಗಿ ಮಾತುಕತೆಯ ಪುಸ್ತಕದಲ್ಲಿ ಮೂರನೆಯ ದಿನ, ಹತ್ತನೆಯ ದಿನ, ಮೂವತ್ತನೆಯ ದಿನ ಎಂದು ತಾರೀಕು ಹಾಕಿಟ್ಟು ಫೋನು ಮಾಡಿ. ಎತ್ತದಿದ್ದರೆ ಸಂತೆಯ ದಿನ ಕಾಯದೆ ಸಂಜೆಯೇ ಮನೆಗೆ ಹೋಗಿ. ಬಾಗಿಲಲ್ಲಿ ನಿಂತು ಕೇಳಬೇಕಾದದ್ದು ‘ಜೀವನ ಪ್ರಮಾಣ ಆಯ್ತಾ?’ ಎಂದಷ್ಟೇ.