ಷೇರಿಲ್ಲದವನಿಗೆ ಸಾಲವಿಲ್ಲ: ಮಗನ ಖಾತೆಯಲ್ಲಿ ನನ್ನ ಅನುಭವ

ಸುಮಾರು ಹದಿನೈದು ತಿಂಗಳಿಂದ ಬೆಂಗಳೂರಿನ ಮಗ ನನ್ನಲ್ಲಿ ಒಂದು ರೂಪಾಯಿ ಕೇಳಿಲ್ಲ. ಸಂಜೆ ಕಟ್ಟೆಯಲ್ಲಿ ಇದನ್ನು ಹೇಳಿದರೆ ಇಬ್ಬರು ನಿವೃತ್ತ ಮೇಷ್ಟರು ಈಗಲೂ ನಂಬುವುದಿಲ್ಲ. "ರಕ್ತಸಂಬಂಧದಲ್ಲಿ ಲೆಕ್ಕ ಬರೆಯಲು ಹೊರಟರೆ ಮಗ ಕೈತಪ್ಪುತ್ತಾನೆ ಮಾರಾಯರೇ" ಎಂದು ಹೆದರಿಸಿದ್ದವರು ಅವರೇ. ಅವರ ಮಕ್ಕಳೂ ತಿಂಗಳಿಗೆ ಲಕ್ಷದ ಹತ್ತಿರ ಎಣಿಸುವವರು, ಇಪ್ಪತ್ತನೇ ತಾರೀಕು ದಾಟಿದ ಮೇಲೆ ಊರಿಗೆ ಫೋನ್ ಮಾಡುವವರು. ಆ ಫೋನ್ ಹೇಗಿರುತ್ತದೆ ಎಂದು ನಿಮಗೆ ವಿವರಿಸಬೇಕಾಗಿಲ್ಲ. ಮೊದಲು ಮಳೆ ಹೇಗಿದೆ ಎನ್ನುತ್ತಾರೆ, ಆಮೇಲೆ ಅಡಿಕೆ ಧಾರಣೆ ವಿಚಾರಿಸುತ್ತಾರೆ.

ನಾನು ತೀರ್ಥಹಳ್ಳಿ ಕಡೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು, ಕಾರ್ಯದರ್ಶಿಯಾಗಿ 2019ರಲ್ಲಿ ನಿವೃತ್ತನಾದೆ. ನಮಗೆ ಸರ್ಕಾರಿ ಪಿಂಚಣಿ ಇಲ್ಲ. ಕೈಗೆ ಬಂದದ್ದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಎರಡು ಖಾತೆ ಮಾಡಿ ಇಟ್ಟೆ. ಅದರ ಬಡ್ಡಿ, ಎರಡು ಎಕರೆ ತೋಟ, ಇಷ್ಟೇ ನಮ್ಮ ಸಂಸಾರ. ಮಗನ ಕೈಗೆ ತಿಂಗಳಿಗೆ ಒಂದು ಲಕ್ಷದ ಹತ್ತು ಸಾವಿರದ ಆಸುಪಾಸು ಬರುತ್ತಿತ್ತು. ಸೊಸೆಯದು ಬೇರೆ ಸಂಬಳ. ಆದರೂ 2018ರಿಂದ 2022ರವರೆಗಿನ ಪಾಸ್‌ಬುಕ್ ಹಿಡಿದು ಕೂಡಿಸಿದರೆ ಅವನಿಗೆ ಹೋದದ್ದು ಹನ್ನೊಂದು ಲಕ್ಷ. ಹೆಚ್ಚು ಕಡಿಮೆ ಇದ್ದೀತು, ಕೈಯಲ್ಲಿ ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಮನೆಯ ಮುಂಗಡ, ಕಾರಿನ ಕಂತು, ಮೊಮ್ಮಗಳ ಶಾಲೆಗೆ ಕಟ್ಟುವುದು, ಒಂದಲ್ಲ ಒಂದು.

ಮೊದಲ ಪ್ರಯತ್ನ ಖಡಾಖಂಡಿತವಾಗಿ ಇಲ್ಲ ಎನ್ನುವುದು. ಎರಡು ತಿಂಗಳು ಫೋನ್ ಬರಲಿಲ್ಲ, ಗೆದ್ದೆ ಎಂದುಕೊಂಡೆ. ಆಮೇಲೆ ತಿಳಿಯಿತು, ನನ್ನ ಮನೆಯವಳು ತನ್ನ ಸ್ವಸಹಾಯ ಸಂಘದಲ್ಲಿ ಮೂವತ್ತು ಸಾವಿರ ಸಾಲ ಎತ್ತಿ ಅವನಿಗೆ ಕಳುಹಿಸಿದ್ದಳು. ಊರಿಗೆಲ್ಲ ಸಾಲ ವಸೂಲಿ ಮಾಡಿದ ಕಾರ್ಯದರ್ಶಿಯ ಮನೆಯಿಂದಲೇ ವಾರದ ಕಂತು ಹೋಗುತ್ತಿತ್ತು, ಅದೂ ಹಾಲು ಮಾರಿದ ದುಡ್ಡಿನಲ್ಲಿ.

2021ರ ಮಳೆಗಾಲದಲ್ಲಿ ಇನ್ನೊಂದು ಪೆಟ್ಟು. ಕೊಳೆರೋಗ ಬಾರದಂತೆ ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಸಲು ಮೈಲುತುತ್ತಕ್ಕೂ ಆಳಿಗೂ ತೆಗೆದಿಟ್ಟಿದ್ದ ಹಣವನ್ನು ಅವನ ಬಾಡಿಗೆಗೆ ಕಳುಹಿಸಿ, ಹದಿನೈದು ದಿನ ತಡೆದು ಹೊಡೆಸೋಣ ಎಂದುಕೊಂಡೆ. ಆ ಹದಿನೈದು ದಿನ ಮಳೆ ಹೊಳವಾಗಲೇ ಇಲ್ಲ. ಕೊಳೆ ಬಂದು ಮರದ ಬುಡದಲ್ಲೆಲ್ಲ ಹಸಿ ಅಡಿಕೆ ಹಾಸಿಬಿಟ್ಟಿತು. ಮೂರು ಕ್ವಿಂಟಾಲಾದರೂ ಕಳೆದುಕೊಂಡಿರಬೇಕು. ಕಳುಹಿಸಿದ್ದು ಇಪ್ಪತ್ತೆರಡು ಸಾವಿರ, ಹೋದದ್ದು ಒಂದು ಲಕ್ಷದ ಮೇಲೆ.

ಮೂರನೆಯದಂತೂ ನನ್ನ ಶುದ್ಧ ದಡ್ಡತನ. ಬೇರನ್ನೇ ಕಿತ್ತುಬಿಡೋಣ ಎಂದು 2022ರ ಆರಂಭದಲ್ಲಿ ನಾಲ್ಕು ಲಕ್ಷದ ಅಂಚೆ ಖಾತೆಯನ್ನು ಅವಧಿಗೆ ಮುನ್ನ ಮುಚ್ಚಿದೆ. ಎರಡು ವರ್ಷ ದಾಟಿದ್ದರಿಂದ ನೂರಕ್ಕೆ ಒಂದರಂತೆ ನಾಲ್ಕು ಸಾವಿರ ಹಿಡಿದುಕೊಂಡರು. ಅದು ದೊಡ್ಡದಲ್ಲ, 8.6ರ ಬಡ್ಡಿಯ ಖಾತೆ ಹೋಯಿತಲ್ಲ, ಅದು ಈಗಲೂ ಉರಿಯುತ್ತದೆ. ಹೊಸದಾಗಿ ಇಡುವವರಿಗೆ ಆಗ 7.4 ಮಾತ್ರ. ಅವನ ಕ್ರೆಡಿಟ್ ಕಾರ್ಡಿನ ಬಾಕಿಯನ್ನೆಲ್ಲ ತೀರಿಸಿದೆ. ನೂರಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ! ಶೂನ್ಯ ಬಡ್ಡಿಗೆ ಬೆಳೆ ಸಾಲ ಹಂಚಿದವನ ಮಗ ಇಷ್ಟು ಬಡ್ಡಿ ಕಟ್ಟುತ್ತಿದ್ದ. ಏಳೇ ತಿಂಗಳಲ್ಲಿ ಕಾರ್ಡು ಮತ್ತೆ ತುಂಬಿತು. ಹಳೆಯ ಬಾಕಿಗೆ ಹೊಸ ಸಾಲ ಬರೆದು ಪುಸ್ತಕದಲ್ಲಿ ಹೊಂದಾಣಿಕೆ ಮಾಡಿದರೆ ಕಂತು ಕಟ್ಟದ ಸುಸ್ತಿದಾರ ಎಂದೂ ಸುಧಾರಿಸುವುದಿಲ್ಲ ಎಂದು ಆಡಳಿತ ಮಂಡಳಿಗೆ ಹೇಳುತ್ತಾ ಬಂದವನು ನಾನು. ಮನೆಯಲ್ಲಿ ಮಾಡಿದ್ದು ಅದನ್ನೇ.

ಆ ಸಿಟ್ಟಿನಲ್ಲೇ ಹೊಳೆಯಿತು. ನಮ್ಮ ಸಂಘದಲ್ಲಿ ಸದಸ್ಯನಾಗಿ ಷೇರು ಹಣ ಕಟ್ಟದವನಿಗೆ ಸಾಲವಿಲ್ಲ, ಸಾಲ ಎಷ್ಟು ಎನ್ನುವುದೂ ಷೇರಿನ ಮೇಲೆಯೇ. 2023ರ ಏಪ್ರಿಲ್ ಒಂದರಂದು ದಿನದ ಲೆಕ್ಕ ಬರೆಯುವ ಹೊಸ ಕಿರ್ದಿ ಪುಸ್ತಕ ತೆರೆದು ಮಗನಿಗೆ ಹೇಳಿದೆ: ತಿಂಗಳ ಒಂದನೇ ತಾರೀಕು ಷೇರು ಹಣವೆಂದು ಹನ್ನೆರಡು ಸಾವಿರ ನನ್ನ ಖಾತೆಗೆ ಬರಬೇಕು. ಮೊದಲ ವರ್ಷ ಷೇರಿನ ಎರಡರಷ್ಟು ಸಾಲ ಸಿಗುತ್ತದೆ, ಎರಡನೇ ವರ್ಷ ಷೇರಿನಷ್ಟೇ, ಮೂರನೇ ವರ್ಷ ಅರ್ಧ. ಬಡ್ಡಿ ವರ್ಷಕ್ಕೆ ನೂರಕ್ಕೆ ಒಂಬತ್ತು, ಐದು ಕಂತು, ರೆವೆನ್ಯೂ ಸ್ಟಾಂಪ್ ಅಂಟಿಸಿದ ಪ್ರೋನೋಟು.

"ಅಪ್ಪಯ್ಯ, ನಾನೇನು ನಿನ್ನ ಸೊಸೈಟಿಯ ಸಾಲಗಾರನೇ?" ಎಂದ.

"ಅವರು ನಿನಗಿಂತ ಎಷ್ಟೋ ವಾಸಿ, ಅಡಿಕೆ ಮಾರಿದ ತಕ್ಷಣ ಬಂದು ಕಟ್ಟುತ್ತಿದ್ದರು" ಎಂದೆ.

ಏಪ್ರಿಲ್, ಮೇ ಬಂತು. ಜೂನ್ ತಪ್ಪಿತು. ಫೋನ್ ಮಾಡಿ ಕೇಳಿದರೆ ಮಾತಿನಲ್ಲಿ ನಾನು ಸೋಲುತ್ತೇನೆಂದು ಗೊತ್ತಿತ್ತು. ಹಾಗಾಗಿ ಕ್ರಮಪ್ರಕಾರ ಸುಸ್ತಿ ನೋಟಿಸ್ ಬರೆದು, ಸ್ವೀಕೃತಿ ಚೀಟಿಯೊಂದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಅವನ ಮನೆಗೆ ಕಳುಹಿಸಿದೆ. ಸಹಿ ಹಾಕಿ ತೆಗೆದುಕೊಂಡವಳು ಸೊಸೆ. ಗಂಡ ಊರಿನಿಂದ ಹಣ ತರಿಸುತ್ತಾನೆಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅದು ಗೊತ್ತಿಲ್ಲವೆಂದು ನನಗೂ ಗೊತ್ತಿರಲಿಲ್ಲ. "ಮಾವ, ಇದೇನು?" ಎಂದು ಫೋನ್ ಮಾಡಿದಳು. ಎರಡು ಕಂತು ಒಟ್ಟಿಗೆ ಬಂತು, ಅವಳ ಖಾತೆಯಿಂದ. ಮುಂದಿನ ತಿಂಗಳಿಂದ ಹಣ ತಾನಾಗಿಯೇ ಕಡಿತವಾಗಿ ಬರುವಂತೆ ಬ್ಯಾಂಕಿನಲ್ಲಿ ವ್ಯವಸ್ಥೆ ಮಾಡಿದರು. ನೋಟಿಸಿನ ಕೊನೆಯ ಸಾಲಿನಲ್ಲಿ ಏನು ಬರೆದಿದ್ದೆ ಎಂದು ಮೇಷ್ಟರಿಬ್ಬರೂ ಕೇಳಿದರು, ಅದನ್ನು ಬಿಟ್ಟುಕೊಡುವುದಿಲ್ಲ. ಮನೆಯವಳು ಗುಟ್ಟಾಗಿ ಕಳುಹಿಸದಂತೆ ಹೇಗೆ ಒಪ್ಪಿಸಿದೆ ಎಂಬುದನ್ನೂ ಇಲ್ಲಿ ಬರೆಯುವಂತಿಲ್ಲ, ಅವಳು ಇದನ್ನು ಓದುತ್ತಾಳೆ.

ಮೊದಲ ವರ್ಷ ನಾಲ್ಕು ಬಾರಿ ಸಾಲ ತೆಗೆದ, ಒಟ್ಟು ಎಪ್ಪತ್ತು ಸಾವಿರದಷ್ಟು. ಎರಡನೇ ವರ್ಷ ಒಮ್ಮೆ, ಇಪ್ಪತ್ತೈದು ಸಾವಿರ, 2024ರ ಜೂನ್‌ನಲ್ಲಿ. ಆಮೇಲೆ ಇಲ್ಲ. ಮೊದಲ ವರ್ಷದ ನಡುವೆ ಒಮ್ಮೆ ದೀಪಾವಳಿಗೆ ನಲವತ್ತು ಸಾವಿರ ಬೇಕೆಂದು ಅರ್ಜಿ ಬರೆದಿದ್ದ. ಜಾಮೀನುದಾರರ ಸಹಿ ಕೇಳಿದೆ, ಉಪವಿಧಿಯಲ್ಲಿ ಅದನ್ನು ಆಗಲೇ ಸೇರಿಸಿದೆ. ಅವನು ತಂಗಿಯ ಹೆಸರು ಕೊಟ್ಟ. ಮಂಗಳೂರಿನಲ್ಲಿ ಅವನ ಅರ್ಧ ಸಂಬಳಕ್ಕೆ ದುಡಿಯುವ, ನನ್ನಲ್ಲಿ ಎಂದೂ ಕೈಚಾಚದ ಮಗಳು ಸಹಿ ಹಾಕಲಿಲ್ಲ. ಅರ್ಜಿ ವಾಪಸಾಯಿತು.

ಇದೇ ಉಪಾಯವನ್ನು ತಮ್ಮನ ಮಗನ ಮೇಲೆ ಹೂಡಿ ಸೋತಿದ್ದೇನೆ. ಎರಡು ಕಂತು ಕಟ್ಟಿ, ನಾಲ್ಕರಷ್ಟು ಸಾಲ ಪಡೆದು, ಈಗ ಮದುವೆಮನೆಗಳಲ್ಲಿ ನನ್ನನ್ನು ಕಂಡರೆ ಅಡುಗೆಯವರ ಹಿಂದೆ ನಿಲ್ಲುತ್ತಾನೆ. ಎರಡರ ಮಿತಿ ಮೀರಿದ್ದು ನನ್ನದೇ ತಪ್ಪು. ನಗದಿನ ಬದಲು ಅಕ್ಕಿ, ಕಾಯಿ, ಬಾಳೆಗೊನೆ ಕಳುಹಿಸಿ ನೋಡಿದ್ದೂ ಉಂಟು. ಬಸ್ಸಿನ ಪಾರ್ಸೆಲ್ ಬಾಡಿಗೆಯಲ್ಲಿ ಅಲ್ಲೇ ಅಷ್ಟು ಅಕ್ಕಿ ಸಿಗುತ್ತಿತ್ತು.

ಮಗನ ಷೇರು ಈಗ ಮೂರೂವರೆ ಲಕ್ಷ ದಾಟಿದೆ. ಅವನು ಕಟ್ಟಿದ ಬಡ್ಡಿಯನ್ನೂ ಅದಕ್ಕೇ ಜಮಾ ಮಾಡಿದ್ದೇನೆ, ಅವನಿಗಿನ್ನೂ ಹೇಳಿಲ್ಲ. ಕಳೆದ ಸೆಪ್ಟೆಂಬರ್‌ನಲ್ಲಿ ಊರಿಗೆ ಬಂದಾಗ, ಸಂಘಗಳೆಲ್ಲ ಮಹಾಸಭೆ ಮಾಡುವ ತಿಂಗಳಲ್ಲವೇ, ಜಗಲಿಯಲ್ಲಿ ಕೂತು ಕಿರ್ದಿಯನ್ನು ಸಾಲುಸಾಲಾಗಿ ಓದಿದ. ಓದಿ ಮುಗಿಸಿ, ಮೂರನೇ ವರ್ಷವಾಯಿತು, ಸದಸ್ಯರಿಗೆ ಡಿವಿಡೆಂಡ್ ಏಕೆ ಘೋಷಿಸಿಲ್ಲ ಎಂದು ಕೇಳಿದ. ಒಳಗಿನಿಂದ ಅವನ ತಾಯಿ ಅನುಮೋದಿಸಿದಳು.